ಸೆಷನ್ ಮುಗದದಂತ್ರಿ!

ಈಗೀಗ ನಮ್ಮ ದಂಡೋತಿ ಕಡೆ ಸೇವಾ ಕೇಂದ್ರಕ್ಕೆ ಹೋಗಿ ಬರಿಗೈಲೆ ವಾಪಸ್ ಬಂದವರನ್ನು "ಯಾಕ್ರಿ, ಕೆಲಸ ಆಗ್ಲಿಲ್ಲೇನು?" ಅಂತ ಕೇಳಿ ನೋಡಿ. ಒಂದು ಕಾಲಕ್ಕೆ "ಸಾಹೇಬ್ರು ಬಂದಿರಲಿಲ್ಲ" ಅನ್ನುತ್ತಿದ್ದರು. ಆಮೇಲೆ "ಕರೆಂಟ್ ಹೋಗಿತ್ತು" ಅಂದರು. ಅದಾದ ಮೇಲೆ ಬಹಳ ವರ್ಷ "ಸರ್ವರ್ ಡೌನ್ ಅದ" ಅನ್ನುವ ಮಾತೇ ನಡೆಯಿತು. ಅಕ್ಷರ ಬಾರದ ಮುದುಕಿಯರೂ ಅದನ್ನು ಒಂದಕ್ಷರ ತಪ್ಪಿಲ್ಲದೆ ಹೇಳುತ್ತಿದ್ದರು. ಈಗ ಹೊಸದು ಬಂದಿದೆ: "ಸೆಷನ್ ಮುಗದದಂತ್ರಿ!" ಯಾವಾಗ ಶುರುವಾಗಿತ್ತು, ಯಾರು ಮುಗಿಸಿದರು, ಒಬ್ಬರಿಗೂ ಗೊತ್ತಿಲ್ಲ. ಮುಗಿದದ್ದು ಮಾತ್ರ ಖರೆ.

ಮೊನ್ನೆ ಆಚೆ ಮನಿ ಕಾಕಾ ಇದೇ ಮಾತು ಹಿಡಿದುಕೊಂಡು ಬೇಲಿಗೆ ಬಂದು ನಿಂತರು. ಬೇಲಿ ಅಂದರೆ ಮುಳ್ಳುಕಂಟಿಯದೇ ಆಗಬೇಕಂತಿಲ್ಲ. ಶಹಾಬಾದ ಪರ್ಸಿ ಇಷ್ಟು ಹತ್ತಿರ ಸಿಗುವಾಗ ಮುಳ್ಳು ಯಾಕೆ ಬೇಕು ಹೇಳಿ? ಎದೆಮಟ್ಟದ ಪರ್ಸಿಗಳನ್ನು ಸಾಲಾಗಿ ಹುಗಿದು ನಿಲ್ಲಿಸಿದರೆ ಬೇಲಿ ತಯಾರು. ನೆಲಕ್ಕೂ ಅದೇ, ಮಾಳಿಗೆಗೂ ಅದೇ, ಬಟ್ಟೆ ಒಗೆಯಲಿಕ್ಕೂ ಅದೇ, ಅಂಗಡಿ ಮುಂದೆ ಕೂರುವ ಕಟ್ಟೆಗೂ ಅದೇ. ಮೇಲೆ ಮೊಳಕೈ ಊರಿ ಮಾತಾಡಲಿಕ್ಕೆ ಬರೋಬ್ಬರಿ ಎತ್ತರ. ಒಂದೇ ತಕರಾರು, ಬೇಸಿಗೆಯಲ್ಲಿ ಹೊತ್ತು ಏರುವುದರೊಳಗೆ ಕಲ್ಲು ಕಾದು ಮೊಳಕೈ ಚುರ್ ಅನ್ನುತ್ತದೆ. ಹರಟೆ ತನ್ನಿಂದ ತಾನೇ ಬಂದ್.

"ಅಲ್ಲಪ್ಪಾ," ಅಂದರು ಕಾಕಾ, "ಆಧಾರ್ ನಂಬರ್ ಹೇಳೀನಿ. ಬೆರಳು ಕೊಟ್ಟೀನಿ. ಓಟಿಪಿ ಹೇಳೀನಿ. ಅದರ ಎದುರಿಗೇ ಕುಂತೀನಿ, ಚಹಾಕ್ಕ ಸೈತ ಎದ್ದಿಲ್ಲ. ಆದ್ರೂ ಮತ್ತ ನೀ ಯಾರು ಅಂತ ಕೇಳ್ತದಲ್ಲ, ಏನ್ ಮಷಿನ್ ಇದು?"

ವೆಬ್ ಅಪ್ಲಿಕೇಶನ್ ಬರೆಯುವುದೇ ನನ್ನ ಹೊಟ್ಟೆಪಾಡು. ಕೆಲಸ ಹೈದರಾಬಾದಿನದು, ಕೂತದ್ದು ದಂಡೋತಿಯಲ್ಲಿ. ಹೀಗಾಗಿ ದುನಿಯಾದಲ್ಲಿ ಯಾವ ಸೈಟ್ ಕೆಟ್ಟರೂ ಜವಾಬು ಕೊಡುವವನು ನಾನೇ ಅಂತ ಓಣಿಯವರೆಲ್ಲ ತಿಳಿದಿದ್ದಾರೆ. ರೈಲ್ವೆ ಟಿಕೆಟ್ ಆಗದಿದ್ದರೂ ನನಗೇ ಬೈಗುಳ, ಪಹಣಿ ಬರದಿದ್ದರೂ ನನಗೇ. ಇರಲಿ ಬಿಡಿ, ನೆರೆಹೊರೆ ಅಂದ ಮೇಲೆ ಇಷ್ಟಾದರೂ ಇರಬೇಕಲ್ಲ.

ಕಾಕಾ ಕೇಳಿದ್ದು ಮಾತ್ರ ಬರೋಬ್ಬರಿ. ಆ ಮಷಿನ್ನಿಗೆ ಮರೆವು ಆಮೇಲೆ ಬಂದದ್ದಲ್ಲ, ಹುಟ್ಟಿದ್ದೇ ಮರೆವಿನೊಂದಿಗೆ. 1990ರ ಸುಮಾರಿಗೆ ಜಿನೀವಾ ಹತ್ತಿರದ ಸೆರ್ನ್ ಎಂಬ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ ಕಟ್ಟಿದಾಗ, ವಿಜ್ಞಾನಿಗಳು ಒಬ್ಬರ ಕಾಗದಪತ್ರ ಒಬ್ಬರು ಓದಿಕೊಂಡರೆ ಸಾಕಿತ್ತು. ಪುಟ ಕೇಳಿದೆಯಾ, ತಗೋ, ಹೋಗು. ಮುಂದಿನ ಪುಟ ಕೇಳಲು ಬಂದವನು ಈಗಷ್ಟೇ ಬಂದು ಹೋದವನೇ, ಬೇರೆಯವನೇ, ಕೇಳುವ ಹಂಗೇ ಇಲ್ಲ. ಎಚ್‌ಟಿಟಿಪಿ ಅನ್ನುವ ಆ ವ್ಯವಹಾರದ ಸ್ವಭಾವವೇ ಅದು. ಅದರಲ್ಲಿ ಲಾಭವೂ ಇತ್ತು. ಯಾರ ಉಸಾಬರಿಯನ್ನೂ ಇಟ್ಟುಕೊಳ್ಳದ ಸರ್ವರ್ ಸಾವಿರಾರು ಮಂದಿಗೆ ಸರಸರ ಪುಟ ಹಂಚಬಹುದಲ್ಲ. ನೆನಪಿಟ್ಟುಕೊಳ್ಳುವ ಕೆಲಸವೇ ಭಾರ. ಮದುವೆ ಮನೆಯಲ್ಲಿ ಯಾರು ಏನು ಮುಯ್ಯಿ ಮಾಡಿದರು ಅಂತ ಬರೆದಿಡುವವರನ್ನು ಕೇಳಿದರೆ ಹೇಳುತ್ತಾರೆ.

ಫಜೀತಿ ಶುರುವಾದದ್ದು ವೆಬ್ಬಿಗೆ ಅಂಗಡಿ ಬಂದಾಗ. ಒಂದು ಪುಟದಲ್ಲಿ ಸಾಮಾನು ಆರಿಸಿ ಇನ್ನೊಂದು ಪುಟದಲ್ಲಿ ದುಡ್ಡು ಕೊಡಲು ಹೋದರೆ, ಆರಿಸಿದ್ದು ಯಾರು ಅನ್ನುವುದೇ ಅದಕ್ಕೆ ಗೊತ್ತಿಲ್ಲ! 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದಕ್ಕೊಂದು ಉಪಾಯ ತೆಗೆದ. ಎಂಸಿಐ ಎಂಬ ಟೆಲಿಫೋನ್ ಕಂಪನಿಗೆ ಆನ್‌ಲೈನ್ ಅಂಗಡಿ ಕಟ್ಟಿಕೊಡಬೇಕಿತ್ತು. ಆದರೆ ಗಿರಾಕಿಗಳ ಅರ್ಧಮರ್ಧ ಲೆಕ್ಕವನ್ನೆಲ್ಲ ತಮ್ಮ ಸರ್ವರಿನಲ್ಲಿ ಇಟ್ಟುಕೊಂಡು ಕೂರಲು ಅವರು ತಯಾರಿರಲಿಲ್ಲ. "ಹಾಗಾದರೆ ಒಂದು ಚೀಟಿ ಗಿರಾಕಿಯ ಬ್ರೌಸರಿನಲ್ಲೇ ಇರಲಿ, ಬಂದಾಗಲೆಲ್ಲ ತೋರಿಸಲಿ" ಅಂತಾಯಿತು. ಅದೇ ಕುಕೀ. ಇವತ್ತು ಯಾವ ಸೈಟ್ ತೆಗೆದರೂ "ಒಪ್ಪುತ್ತೀರಾ, ಒಪ್ಪುತ್ತೀರಾ" ಅಂತ ಜೀವ ತಿನ್ನುತ್ತದಲ್ಲ, ಅದೇ.

ಕಾಕಾನಿಗೆ ಇಷ್ಟರಿಂದ ಸಮಾಧಾನ ಆಗಲಿಲ್ಲ. ಸೆರ್ನ್, ನೆಟ್‌ಸ್ಕೇಪ್ ಕಟ್ಟಿಕೊಂಡು ಅವರಿಗೇನು ಆಗಬೇಕಿದೆ? ಅದಕ್ಕೇ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಕರೆದುಕೊಂಡು ಹೋದೆ, ಮಾತಿನಲ್ಲೇ. ಹೋಳಿ ಆದ ಮೇಲೆ ತೇರು ಎಳೆಯುವ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಹೌದಿಲ್ರಿ? ಚಪ್ಪಲಿ ಬಿಡುವಲ್ಲಿ ಒಬ್ಬ ಕೂತಿರುತ್ತಾನೆ. ನಿಮ್ಮ ಜೋಡು ತಗೊಂಡು ಖಾನೆಯಲ್ಲಿಟ್ಟು, ಒಂದು ನಂಬರಿನ ಬಿಲ್ಲೆ ಕೈಗೆ ಕೊಡುತ್ತಾನೆ. ಅವನು ನಿಮ್ಮ ಮುಖ ನೋಡಿರುವುದಿಲ್ಲ, ಹೆಸರು ಕೇಳಿರುವುದಿಲ್ಲ. ವಾಪಸ್ ಬಂದು ಬಿಲ್ಲೆ ತೋರಿಸಿದರೆ ಚಪ್ಪಲಿ ಕೊಟ್ಟ, ಮುಗಿಯಿತು. ಬಿಲ್ಲೆಯೇ ನೀವು. ಲಾಗಿನ್ ಆದಾಗ ಸರ್ವರ್ ಮಾಡುವುದೂ ಇಷ್ಟೇ. ನಿಮ್ಮ ವಿವರವನ್ನೆಲ್ಲ ತನ್ನ ಖಾನೆಯಲ್ಲಿಟ್ಟು, ಒಂದು ಉದ್ದನೆಯ ನಂಬರನ್ನು ಕುಕೀಯಲ್ಲಿ ಸುತ್ತಿ ನಿಮ್ಮ ಬ್ರೌಸರಿಗೆ ಕೊಡುತ್ತದೆ. ಮುಂದೆ ಒಂದೊಂದು ಪುಟ ಕೇಳುವಾಗಲೂ ಬ್ರೌಸರ್ ನಿಮಗೆ ಹೇಳದೆಯೇ ಆ ಬಿಲ್ಲೆ ತೋರಿಸುತ್ತಿರುತ್ತದೆ. ಬಿಲ್ಲೆ ಕೊಟ್ಟಾಗಿನಿಂದ ಅದು ರದ್ದಾಗುವವರೆಗಿನ ಹೊತ್ತೇ ಸೆಷನ್.

"ಹಂಗಾದ್ರ ನನ್ನ ಬಿಲ್ಲೆ ಇನ್ನೊಬ್ಬಂವ ತೋರಿಸಿದ್ರ?" ಅಂದರು ಕಾಕಾ.

ನೋಡಿ, ಹೊಲದಲ್ಲಿ ತೊಗರಿ ಬೆಳೆಯುವ ಮನುಷ್ಯ ಒಂದೇ ಏಟಿಗೆ ವಿಷಯದ ಬುಡಕ್ಕೆ ಕೈ ಹಾಕಿದರು. ಇನ್ನೊಬ್ಬ ತೋರಿಸಿದರೆ ಚಪ್ಪಲಿ ಅವನದೇ! ಪಾಸ್‌ವರ್ಡ್ ಕದಿಯುವ ತ್ರಾಸೇ ಇಲ್ಲ, ಓಟಿಪಿಯ ಹಂಗೂ ಇಲ್ಲ. ಬಿಲ್ಲೆಯ ನಂಬರ್ 41, 42, 43 ಅಂತ ಸಾಲಾಗಿದ್ದರೆ ಇನ್ನೂ ಸಸಾರ. ನನ್ನದು 42 ಆದರೆ ಹಿಂದಿನವನದು 41 ಅಂತ ಊಹಿಸಲು ಸಾಲಿ ಕಲಿಯಬೇಕೇ? ಅದಕ್ಕೇ ಆ ನಂಬರ್ ಯಾರ ಊಹೆಗೂ ಸಿಗದಂತೆ ಕಲಸುಮೇಲೋಗರ ಆಗಿರಬೇಕು ಅಂತ ನಿಯಮ. ಇನ್ನೂ ಒಂದು ಚಾಲಾಕಿ ಇದೆ. ಕಳ್ಳ ಮೊದಲೇ ತಾನೊಂದು ಬಿಲ್ಲೆ ತಗೊಂಡು, ನಂಬರ್ ಗುರುತಿಟ್ಟುಕೊಂಡು, ಅದನ್ನೇ ನಿಮ್ಮ ಕೈಗೆ ದಾಟಿಸುತ್ತಾನೆ. ನೀವು ಅದರ ಮೇಲೆಯೇ ಲಾಗಿನ್ ಆಗುತ್ತೀರಿ. ನಂಬರ್ ಅವನಿಗೆ ಬಾಯಿಪಾಠ! ಹೀಗಾಗಬಾರದು ಅಂದರೆ ಲಾಗಿನ್ ಆದ ಕೂಡಲೇ ಹಳೇ ಬಿಲ್ಲೆ ಕಸಿದುಕೊಂಡು ಹೊಸದು ಕೊಡಬೇಕು. ಕೋಡ್‌ನಲ್ಲಿ ಒಂದೇ ಸಾಲಿನ ಕೆಲಸ. ಆ ಒಂದು ಸಾಲು ಬರೆಯದವರು ಮಸ್ತ್ ಮಂದಿ ಇದ್ದಾರೆ.

2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬಾತ ಫೈರ್‌ಶೀಪ್ ಅಂತ ಒಂದು ಸಣ್ಣ ಪ್ರೋಗ್ರಾಂ ಬಿಟ್ಟ. ಫೈರ್‌ಫಾಕ್ಸ್ ಬ್ರೌಸರಿಗೆ ಅದನ್ನು ಸಿಗಿಸಿಕೊಂಡು ಪಾಸ್‌ವರ್ಡ್ ಇಲ್ಲದ ವೈಫೈನಲ್ಲಿ ಕೂತರೆ ಸಾಕು. ಅಲ್ಲೇ ಕಾಫಿ ಕುಡಿಯುತ್ತ ಫೇಸ್‌ಬುಕ್ ನೋಡುತ್ತಿದ್ದವರ ಹೆಸರು, ಫೋಟೋ ಪಕ್ಕದಲ್ಲಿ ಸಾಲಾಗಿ ಬರುತ್ತಿದ್ದವು. ಒಂದರ ಮೇಲೆ ಒತ್ತಿದರೆ ಅವರ ಖಾತೆಯೊಳಗೇ ಪ್ರವೇಶ. ಕದಿಯಲಿಕ್ಕೆಂದು ಅವನು ಮಾಡಿದ್ದಲ್ಲ, ದೊಡ್ಡ ಕಂಪನಿಗಳು ಬಿಲ್ಲೆಯನ್ನು ಎಷ್ಟು ಬಯಲಲ್ಲಿ ಕಳಿಸುತ್ತವೆ ಅಂತ ತೋರಿಸಲು ಮಾಡಿದ್ದು. ಆಗ ಲಾಗಿನ್ ಪುಟಕ್ಕೆ ಮಾತ್ರ ಬೀಗದ ಗುರುತು, ಒಳಗಿನ ಪುಟಗಳೆಲ್ಲ ಬಟಾಬಯಲು. 2011ರ ಜನವರಿಯಲ್ಲಿ ಫೇಸ್‌ಬುಕ್ ಎಲ್ಲ ಪುಟಗಳಿಗೂ ಎಚ್‌ಟಿಟಿಪಿಎಸ್ ಕೊಡಲು ಶುರು ಮಾಡಿತು. ಈಗ ಬೀಗ ಇಲ್ಲದ ಸೈಟ್ ಹುಡುಕಿದರೂ ಸಿಗುವುದು ಕಷ್ಟ. ಒಬ್ಬನ ಕಿತಾಪತಿಯಿಂದ ಊರಿಗೆ ಉಪಕಾರ ಆದದ್ದು ಹೀಗೆ.

ಅಲ್ಲಿಗೆ ಕಳ್ಳತನ ನಿಂತಿತು ಅಂದುಕೊಂಡರೆ, 2018ರ ಸೆಪ್ಟೆಂಬರಿನಲ್ಲಿ ಅದೇ ಫೇಸ್‌ಬುಕ್ಕಿನ ಬಿಲ್ಲೆಗಳೇ ಗುಂಪಾಗಿ ಕಳುವಾದವು. ಮೊದಲು 5 ಕೋಟಿ ಖಾತೆ ಅಂದರು, ಆಮೇಲೆ ಲೆಕ್ಕ 3 ಕೋಟಿಗೆ ಇಳಿಯಿತು. ಮುಂಜಾಗ್ರತೆ ಅಂತ ಸುಮಾರು 9 ಕೋಟಿ ಮಂದಿಯ ಬಿಲ್ಲೆ ಒಂದೇ ಸಲಕ್ಕೆ ರದ್ದು ಮಾಡಿದರು. ಅಷ್ಟೂ ಮಂದಿ ಹೊರಗೆ ಬಿದ್ದು ಹೊಸದಾಗಿ ಲಾಗಿನ್ ಆಗಬೇಕಾಯಿತು. ಪಾಸ್‌ವರ್ಡ್ ಮರೆತವರು ಅದರಲ್ಲಿ ಎಷ್ಟು ಮಂದಿ ಇದ್ದರೋ ದೇವರೇ ಬಲ್ಲ.

ಇಷ್ಟು ದೂರ ಯಾಕೆ, ಯಾವುದೇ ತಾಲೂಕು ಊರಿನ ಝೆರಾಕ್ಸ್ ಅಂಗಡಿಗೆ ಬನ್ನಿ. ಅಲ್ಲಿ ಏನು ನಡೆಯುತ್ತದೆ ಹೇಳಿ? ಮಗನ ಮಾರ್ಕ್ಸ್ ಕಾರ್ಡ್ ಫೋನಿನಲ್ಲಿ ಇರುತ್ತದೆ. ಪ್ರಿಂಟ್ ಬೇಕು. "ವಾಟ್ಸಾಪ್ ವೆಬ್ ಸ್ಕ್ಯಾನ್ ಮಾಡ್ರಿ" ಅನ್ನುತ್ತಾನೆ ಅಂಗಡಿ ಹುಡುಗ. ಫೋನು ಹಿಡಿದು ಸ್ಕ್ಯಾನ್ ಮಾಡುತ್ತೀರಿ. ಪ್ರಿಂಟ್ ಬರುತ್ತದೆ, ದುಡ್ಡು ಕೊಟ್ಟು ಎದ್ದು ಬರುತ್ತೀರಿ. ಬಿಲ್ಲೆ ಅಲ್ಲೇ ಉಳಿಯಿತಲ್ಲ! ಇನ್ನೊಬ್ಬರ ಬೋನಫೈಡ್ ಪ್ರಿಂಟ್ ತೆಗೆಯುವಾಗ ಪರದೆಯ ಮೂಲೆಯಲ್ಲಿ "ಬೀಗರು ಬಂದಾರ, ಬರುವಾಗ ಒಂದು ಕಿಲೋ ಬಳ್ಳೊಳ್ಳಿ ತರ್ರಿ" ಅಂತ ಯಾರದೋ ಮನೆ ಸಮಾಚಾರ ಇಣುಕುತ್ತದೆ. ಸಾಲಿನಲ್ಲಿ ನಿಂತವರೆಲ್ಲ ಓದುತ್ತಾರೆ. ಒಬ್ಬರು "ಬಳ್ಳೊಳ್ಳಿ ಈಗ ಭಾಳ ತುಟ್ಟಿ ಆಗ್ಯಾದ" ಅಂತ ರೇಟಿನ ಮಾತು ತೆಗೆಯುತ್ತಾರೆ, ಇನ್ನೊಬ್ಬರು ಬೀಗರು ಯಾವ ಊರಿನವರು ಅಂತ ವಿಚಾರಿಸುತ್ತಾರೆ. ಮಾಲಕನಿಗೆ ಮಾತ್ರ ಸುದ್ದಿಯೇ ಇಲ್ಲ. ಮೂಲ ಫೋನನ್ನು 14 ದಿನ ಬಳಸದೆ ಇಟ್ಟರೆ ವಾಟ್ಸಾಪ್ ಇಂಥ ಜೋಡಣೆಗಳನ್ನು ತಾನೇ ಕಡಿದುಹಾಕುತ್ತದೆ, ಖರೆ. ಆದರೆ 14 ದಿನ ಫೋನ್ ಮುಟ್ಟದವರು ಈಗ ಯಾರಿದ್ದಾರ್ರಿ? ನಮ್ಮ ಮಂದಿ 14 ನಿಮಿಷ ಬಿಟ್ಟರೆ ಹೆಚ್ಚು.

ಅಂದ ಮೇಲೆ ಸೆಷನ್ ಬೇಗ ಮುಗಿಯುವುದೇ ಒಳ್ಳೇದಲ್ಲೇನು ಅಂತ ನೀವು ಕೇಳಬಹುದು. ಇಲ್ಲೇ ಮಜಾ ಇರುವುದು. ಎಷ್ಟು ಹೊತ್ತಿಗೆ ಮುಗಿಯಬೇಕು ಅಂತ ತೀರ್ಮಾನ ಮಾಡಿದವರು ಯಾರು? ಬಹಳ ಕಡೆ ಯಾರೂ ಇಲ್ಲ! ಪಿಎಚ್‌ಪಿ ಅನ್ನುವ ಭಾಷೆಯಲ್ಲಿ ಸೈಟ್ ಕಟ್ಟಿದರೆ, ನೀವು ಏನೂ ಹೇಳದಿದ್ದರೂ 1440 ಸೆಕೆಂಡ್ ಅಂತ ಅದೇ ಇಟ್ಟುಕೊಂಡಿರುತ್ತದೆ. ಜಾವಾದ ಟಾಮ್‌ಕ್ಯಾಟ್ ಆದರೆ 30 ನಿಮಿಷ. ಬಹಳಷ್ಟು ಪ್ರೋಗ್ರಾಮರ್‌ಗಳು ಅದನ್ನು ಮುಟ್ಟುವುದೇ ಇಲ್ಲ. ಈ 1440 ಸೆಕೆಂಡನ್ನು ನಿಮಿಷಕ್ಕೆ ತಿರುಗಿಸಿ ನೋಡಿ, 24 ಆಗುತ್ತದೆ. 24 ನಿಮಿಷ ಅಂದರೆ ಪಂಚಾಂಗದ ಲೆಕ್ಕಕ್ಕೆ ಬರೋಬ್ಬರಿ ಒಂದು ಘಳಿಗೆ! ಒಂದು ಸೆಕೆಂಡ್ ಹೆಚ್ಚಿಲ್ಲ, ಕಮ್ಮಿಯಿಲ್ಲ. ಪಿಎಚ್‌ಪಿ ಬರೆದವರು ಪಂಚಾಂಗ ನೋಡಿರಲಿಕ್ಕಿಲ್ಲ ಬಿಡಿ. ಆದರೂ ಕಾಕಾನಿಗೆ ಇದನ್ನು ಹೇಳಿದಾಗ ಅವರು ಎಷ್ಟು ಖುಷಿಪಟ್ಟರೆಂದರೆ, "ನೋಡಿದ್ಯಾ, ನಮ್ಮವರದೇ ಲೆಕ್ಕ" ಅಂತ ಪರ್ಸಿಗೆ ಕೈ ಬಡಿದರು. ನಾನೂ ಅಲ್ಲಗಳೆಯಲು ಹೋಗಲಿಲ್ಲ.

ಘಳಿಗೆ ಅಂದರೆ ಘಟಿಕೆಯೇ ಅಲ್ಲವೇ, ಆ ಮಾತು ಬಂದದ್ದೇ ತಡ, ಕಾಕಾ ಸೀದಾ ನಾಗಾವಿಗೆ ಹೋದರು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಯಲ್ಲಮ್ಮನ ಗುಡಿಗೆ ಹೋದವರಿಗೆ ಅಲ್ಲಿಯ ಘಟಿಕಾಸ್ಥಾನ, ಅಂದರೆ ಹಳೇ ಕಾಲದ ವಿದ್ಯಾಕೇಂದ್ರ, ಗೊತ್ತಿರುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ್ದು. 1058ರ ಶಾಸನದಲ್ಲಿ ವೇದ ಓದುವ ಹುಡುಗರಿಗೆ, ಶಾಸ್ತ್ರ ಓದುವ ಹುಡುಗರಿಗೆ, ಕಲಿಸುವವರಿಗೆ ಎಷ್ಟೆಷ್ಟು ಅಂತ ವ್ಯವಸ್ಥೆ ಬರೆದಿದೆ. ಇವರಲ್ಲದೆ ಪುಸ್ತಕ ಕಾಯಲಿಕ್ಕೆಂದೇ ಆರು ಮಂದಿ ಸರಸ್ವತಿ ಭಂಡಾರಿಗರು! ಸಾವಿರ ವರ್ಷದ ಹಿಂದೆ ಒಂದು ಲೈಬ್ರರಿಗೆ ಆರು ಮಂದಿ ಸಿಬ್ಬಂದಿ. ಈಗಿನ ಕಾಲೇಜುಗಳಲ್ಲಿ ಒಂದು ಹುದ್ದೆ ತುಂಬಿಸಲಿಕ್ಕೇ ಫೈಲ್ ಎಲ್ಲೆಲ್ಲೋ ಸುತ್ತಾಡುತ್ತದೆ. ಕಾಕಾ ಇದನ್ನೇ ಎಳೆದು ಎಳೆದು ಹೇಳಿದರು, ನಾನು ಹೂಂಗುಟ್ಟಿದೆ. ಎಲ್ಲಿದ್ದೆವು ನಾವು? ಹಾಂ, ಸೆಷನ್ ಎಷ್ಟು ಹೊತ್ತಿಗೆ ಮುಗಿಯಬೇಕು ಅನ್ನುವ ಟೈಮೌಟಿನಲ್ಲಿ.

ವೆಬ್ ಸುರಕ್ಷತೆಯ ಬಗ್ಗೆ ಓವಾಸ್ಪ್ ಅಂತ ಒಂದು ಸಂಸ್ಥೆ ಇದೆ. ದುಡ್ಡುಕಾಸಿನಂಥ ನಾಜೂಕು ವ್ಯವಹಾರವಾದರೆ ಸುಮ್ಮನೆ ಕೂತ 2ರಿಂದ 5 ನಿಮಿಷಕ್ಕೆ ಸೆಷನ್ ಮುಗಿಸಿ, ಅಷ್ಟೇನೂ ಅಪಾಯವಿಲ್ಲದ್ದಾದರೆ 15ರಿಂದ 30 ನಿಮಿಷ ಬಿಡಿ ಅನ್ನುವುದು ಅದರ ಸಲಹೆ. ಬ್ಯಾಂಕಿನ ಸೈಟು ಒಂದು ಫೋನ್ ಮಾತಾಡಿ ಬರುವುದರೊಳಗೆ ಹೊರಗೆ ಹಾಕುವುದು ಇದಕ್ಕೇ. ತಪ್ಪೇನಿಲ್ಲ, ನಮ್ಮದೇ ದುಡ್ಡು.

ತಕರಾರು ಇರುವುದು "ಸುಮ್ಮನೆ ಕೂತ" ಅನ್ನುವ ಮಾತಿನ ಲೆಕ್ಕದಲ್ಲಿ. ಸೇವಾ ಕೇಂದ್ರದ ಆ ಕುರ್ಚಿಯ ಪಕ್ಕದಲ್ಲಿ ಒಮ್ಮೆ ನಿಂತು ನೋಡಿ. ಒಂದು ಪೋರ್ಟಲ್, ಯಾವುದು ಅಂತ ಹೇಳೋದು ಬ್ಯಾಡ ಬಿಡಿ. ಮುದುಕಿಯೊಬ್ಬಳು ಬಂದಿದ್ದಾಳೆ. ಆಪರೇಟರ್ ಹುಡುಗ ಅರ್ಜಿ ತೆರೆದಿದ್ದಾನೆ. ಬೆರಳು ಇಡು ಆಯಿ ಅಂದ. ಜೀವಮಾನವೆಲ್ಲ ಕಳೆ ಕಿತ್ತು, ಹತ್ತಿ ಬಿಡಿಸಿ, ರೊಟ್ಟಿ ಬಡಿದು ಬೆರಳಿನ ಗೆರೆ ಸವೆದುಹೋಗಿದೆ. ಮಷಿನ್ ಕೆಂಪು ದೀಪ ತೋರಿಸಿತು. ಸೆರಗಿಗೆ ಒರೆಸಿದಳು, ಇಲ್ಲ. ತಲೆಯ ಎಣ್ಣೆಗೆ ತಿಕ್ಕಿ ಇಟ್ಟಳು, ಇಲ್ಲ. ಬಲಗೈ ಆಯಿತು, ಎಡಗೈ ಆಯಿತು. ಕೊನೆಗೆ ಓಟಿಪಿ ಹಾದಿ ಹಿಡಿದರು. ಆಧಾರಿಗೆ ಜೋಡಿಸಿದ ನಂಬರ್ ಮಗನದು, ಮಗ ಹೈದರಾಬಾದಿನಲ್ಲಿ ಕಟ್ಟಡದ ಕೆಲಸದಲ್ಲಿ. ಫೋನ್ ಹಚ್ಚಿದರು. ಅವನು ಮೇಲಿನ ಅಂತಸ್ತಿನಿಂದ ಇಳಿದು, ಕೈ ತೊಳೆದು, ಮೆಸೇಜ್ ತೆಗೆದು, ಒಂದೊಂದೇ ಅಂಕಿ ಓದಿದ. ಆಯಿತು. ಹುಡುಗ ಹೆಸರು, ಊರು, ಸರ್ವೆ ನಂಬರ್, ಪಾಸ್‌ಬುಕ್ ನಂಬರ್ ಎಲ್ಲ ತುಂಬಿದ. ಫೋಟೋ ದೊಡ್ಡದಾಯಿತು ಅಂದಿತು ಪೋರ್ಟಲ್, ಅದನ್ನು ಚಿಕ್ಕದು ಮಾಡಿದ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರಿಗೆ ಚೀಲವೆಲ್ಲ ಹುಡುಕಿದರು. ಮಾತ್ರೆ ಚೀಟಿಯ ಜೊತೆ ಮಡಚಿಟ್ಟಿದ್ದಳು. ಅದನ್ನೂ ತುಂಬಿ, ಉಶ್ ಅಂತ ಸಲ್ಲಿಸು ಅನ್ನುವ ಗುಂಡಿ ಒತ್ತಿದ. ಏನು ಬಂತು? ಗೊತ್ತೇ ಇದೆಯಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇದರ ಒಳಗುಟ್ಟು ಏನು ಗೊತ್ತೇನ್ರಿ? ನಾವು ಅರ್ಜಿ ತುಂಬುವುದು ನಮ್ಮ ಎದುರಿಗಿನ ಕಂಪ್ಯೂಟರಿನಲ್ಲಿ. ಗುಂಡಿ ಒತ್ತುವವರೆಗೆ ದೂರದ ಸರ್ವರಿಗೆ ಅದರ ಗಂಧಗಾಳಿ ಇರುವುದಿಲ್ಲ. ಹಿಂದಿನ ಪುಟ ಕೊಟ್ಟ ಮೇಲೆ ಇವರಿಂದ ಯಾವ ಸುದ್ದಿಯೂ ಬಂದಿಲ್ಲ, ಅಂದರೆ ಎದ್ದು ಹೋಗಿದ್ದಾರೆ ಅಂತ ಅದರ ತಿಳಿವಳಿಕೆ. ಮುದುಕಿ ಬೆರಳು ತಿಕ್ಕಿದ್ದು, ಮಗ ಅಂತಸ್ತು ಇಳಿದದ್ದು, ಚೀಲ ಹುಡುಕಿದ್ದು ಎಲ್ಲವೂ ಸರ್ವರಿನ ಖಾತೆಯಲ್ಲಿ ಒಂದೇ ಹೆಸರಿನಲ್ಲಿ ಜಮಾ: ಸುಮ್ಮನೆ ಕೂತಿದ್ದರು! ಬೆವರು ಸುರಿಸಿ ದುಡಿದವರೇ ಅದರ ಲೆಕ್ಕಕ್ಕೆ ಆಲಸಿಗಳು. ಎರಡೇ ಮಿನಿಟಿನಲ್ಲಿ ಪಟಪಟ ಒತ್ತಿ ಮುಗಿಸುವ ಬೆಂಗಳೂರಿನ ಚುರುಕು ಹುಡುಗನಿಗೆ ಈ ಸಂಕಟ ಎಂದೂ ಎದುರಾಗುವುದಿಲ್ಲ. ಯಾರಿಗೆ ನಿಧಾನ ಬೇಕೋ ಅವರನ್ನೇ ಹುಡುಕಿ ಹೊರಗೆ ಹಾಕುತ್ತದೆ.

ನಮ್ಮ ಕಡೆ ನೆಟ್‌ವರ್ಕಿನದು ಇನ್ನೊಂದು ಕಥೆ. ಕಾಗಿಣಾ ಹೊಳೆ ತುಂಬಿ ಸೇತುವೆ ಮೇಲೆ ನೀರು ಬಂತೆಂದರೆ ದಂಡೋತಿಯಲ್ಲಿ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ಆಗ ಕಚೇರಿಗೆ ಹೋಗುವ ಮಾತೇ ಇಲ್ಲ, ಕೈಯಲ್ಲಿನ ಮೊಬೈಲೇ ಗತಿ. ಮಾಳಿಗೆ ಹತ್ತಿದರೆ ಎರಡು ಕಡ್ಡಿ, ಒಳಗೆ ಬಂದರೆ ಒಂದು. ಸಿಗ್ನಲ್ ಹೋಗಿ ಬಂದಾಗ ಫೋನಿನ ಐಪಿ ವಿಳಾಸ ಬದಲಾಗುವುದುಂಟು. ಕೆಲವು ಸೈಟುಗಳು ಅತಿ ಹುಷಾರಿತನಕ್ಕೆ ಬಿಲ್ಲೆಯನ್ನು ಐಪಿ ವಿಳಾಸಕ್ಕೂ ಗಂಟು ಹಾಕಿರುತ್ತವೆ. ವಿಳಾಸ ಬದಲಾಯಿತೋ, ಇವನು ಕಳ್ಳ ಅಂತ ಹೊರಗೆ ನೂಕುತ್ತವೆ. ಮಾಳಿಗೆಯಿಂದ ಇಳಿದು ಬಂದದ್ದೇ ಕಸೂರು.

ಹಾಗಂತ ಒಬ್ಬನೇ ಇಬ್ಬರಾಗುವುದನ್ನು ತಡೆಯಬಾರದು ಅಂತಲ್ಲ. ರೈಲ್ವೆಯ ಐಆರ್‌ಸಿಟಿಸಿ ಸೈಟು ನೋಡಿ, ಶುರುವಾದದ್ದು 2002ರಲ್ಲಿ. ಒಂದು ಐಡಿಗೆ ಒಂದು ಹೊತ್ತಿಗೆ ಒಂದೇ ಸೆಷನ್ ಅಂತ ಅವರ ನಿಯಮ. ದಲ್ಲಾಳಿಗಳು ಒಂದೇ ಐಡಿಯಿಂದ ಹತ್ತು ಕಡೆ ಕೂತು ತತ್ಕಾಲ್ ಟಿಕೆಟ್ ಬಾಚಬಾರದು ಅಂತ. ನಮ್ಮ ವಾಡಿ ಜಂಕ್ಷನ್ ಇದೆಯಲ್ಲ, 1874ರಲ್ಲಿ ನಿಜಾಮರ ರೈಲು ಇಲ್ಲಿಂದ ಸಿಕಂದರಾಬಾದಿಗೆ ಹೊರಟಾಗಿನಿಂದ ಒಂದು ಕಡೆ ಮುಂಬೈ, ಒಂದು ಕಡೆ ಮದ್ರಾಸು, ಒಂದು ಕಡೆ ಹೈದರಾಬಾದು. ನಮ್ಮ ಕಡೆಯ ದುಡಿಯುವ ಮಂದಿ ಅರ್ಧ ಅಲ್ಲಿಂದಲೇ ಹೋಗಾದು, ಅಲ್ಲಿಗೇ ಬರಾದು. ಕಾಕಾನ ಮಕ್ಕಳಿಬ್ಬರು, ಒಬ್ಬ ಪುಣೆಯಲ್ಲಿ, ಒಬ್ಬ ಸೇಡಂ ಸಿಮೆಂಟ್ ಫ್ಯಾಕ್ಟರಿಯಲ್ಲಿ. ಐಡಿ ಮಾತ್ರ ಇಬ್ಬರಿಗೂ ಸೇರಿ ಒಂದೇ, ಅವಿಭಕ್ತ ಕುಟುಂಬ! ಸ್ಲೀಪರ್ ತತ್ಕಾಲಿಗೆ ಹನ್ನೊಂದು ಹೊಡೆಯುತ್ತಿದ್ದಂತೆ ಇಬ್ಬರೂ ಲಾಗಿನ್ ಆಗುತ್ತಾರೆ. ತಮ್ಮ ಒಳಗೆ ಹೋದರೆ ಅಣ್ಣ ಹೊರಗೆ, ಅಣ್ಣ ಮತ್ತೆ ಒಳಗೆ ಬಂದರೆ ತಮ್ಮ ಹೊರಗೆ. ಟಿಕೆಟ್ ಅಷ್ಟರಲ್ಲಿ ಖಾಲಿ. ಹಬ್ಬಕ್ಕೆ ಊರಿಗೆ ಬಂದಾಗಲೂ ಇಬ್ಬರದೂ ಅದೇ ಜಗಳ, ಒತ್ತಿದ್ದು ನೀ ಮೊದಲೋ ನಾ ಮೊದಲೋ ಅಂತ.

ಇದರಲ್ಲಿ ಜವಾಬ್ದಾರಿಯ ಮಾತೂ ಇದೆ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದದ್ದು 2000ದ ಆಸುಪಾಸಿನಲ್ಲಿ ಅಲ್ಲವೇ; ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರದು. ಆ ಕಾಲಕ್ಕೇ ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಅಂತ ಮಾಡಿದ್ದರು. ನಾಳೆ ಯಾರದೋ ಹೊಲ ಯಾರದೋ ಹೆಸರಿಗೆ ಆದರೆ "ನಾ ಮಾಡಿಲ್ಲ" ಅನ್ನಲು ಬರಬಾರದಲ್ಲ. ಆದರೆ ಬೆರಳು ಕೊಟ್ಟು ಒಳಗೆ ಹೋದವರು ಸೆಷನ್ ಬಿಟ್ಟು ಊಟಕ್ಕೆ ಎದ್ದರೆ, ಆ ಬೆರಳಿಗೆ ಅರ್ಥವೇನು ಉಳಿಯಿತು? ಅವರ ಕುರ್ಚಿಯಲ್ಲಿ ಯಾರು ಕೂತರೂ ಮಷಿನ್ನಿಗೆ ಅವರೇ ಸಾಹೇಬರು. ಟೈಮೌಟ್ ಬೇಕೇಬೇಕು ಅನ್ನುವುದು ಇಂಥಲ್ಲಿ.

ಬೇಕು ಖರೆ, ಆದರೆ ಹೇಳಿ ಕಳಿಸಬೇಕು. ಮನೆಗೆ ಬಂದವರನ್ನು "ಹೊತ್ತಾತು ನಡೀರಿ" ಅಂತ ಕುತ್ತಿಗೆ ಹಿಡಿದು ದಬ್ಬುತ್ತೇವೇನು? ವೆಬ್ ಎಲ್ಲರಿಗೂ ದಕ್ಕಬೇಕು ಅಂತ 2008ರಲ್ಲಿ ಬಂದ ಡಬ್ಲ್ಯುಸಿಎಜಿ 2.0 ನಿಯಮಾವಳಿಯಲ್ಲಿ ಇದಕ್ಕೆಂದೇ ಒಂದು ಕಲಮು ಇದೆ. ಹೊತ್ತು ಮುಗಿಯುವ ಮೊದಲು ಎಚ್ಚರಿಸಿ, ಇನ್ನಷ್ಟು ಸಮಯ ಬೇಕಾ ಅಂತ ಕೇಳಿ, ಒಂದೇ ಗುಂಡಿ ಒತ್ತಿ ಹೌದು ಅನ್ನಲು ಕನಿಷ್ಠ 20 ಸೆಕೆಂಡ್ ಕೊಡಿ ಅಂತ. ಭಾರತ ಸರ್ಕಾರ ತನ್ನ ವೆಬ್‌ಸೈಟುಗಳಿಗೆ ಮಾಡಿದ ಜಿಐಜಿಡಬ್ಲ್ಯು ಮಾರ್ಗಸೂಚಿ 2009ರಲ್ಲಿ ಬಂತು. 2023ರಲ್ಲಿ ಬಂದ ಅದರ ಮೂರನೇ ಆವೃತ್ತಿ ಇದೇ ನಿಯಮಾವಳಿಯ ಮುಂದಿನ ರೂಪವನ್ನು ಒಪ್ಪಿಕೊಂಡಿದೆ. ಅಂದರೆ ಪುಸ್ತಕದಲ್ಲಿ ಎಲ್ಲ ಚೆಂದಾಗಿ ಅದ. ತುಂಬಿದ್ದನ್ನು ಆಗಾಗ ಕರಡಾಗಿ ಉಳಿಸಿಕೊಳ್ಳುವುದು, ಬೆರಳು ಆಡುತ್ತಿರುವವರೆಗೆ "ಇವರು ಇನ್ನೂ ಇದ್ದಾರೆ" ಅಂತ ಸರ್ವರಿಗೆ ಸುದ್ದಿ ಮುಟ್ಟಿಸುತ್ತಿರುವುದು, ಸೆಷನ್ ಹೋದರೂ ಮತ್ತೆ ಲಾಗಿನ್ ಆದಾಗ ಅರ್ಧ ತುಂಬಿದ ಅರ್ಜಿ ಹಾಗೇ ಮುಂದೆ ಬರುವುದು, ಇವು ಯಾವುವೂ ದೊಡ್ಡ ವಿದ್ಯೆಯಲ್ಲ. ಮನಸ್ಸಿಟ್ಟರೆ ಒಂದೆರಡು ದಿನದ ಕೆಲಸ.

"ಮತ್ತ ಯಾಕ ಮಾಡಾಂಗಿಲ್ಲ?" ಅಂದರು ಕಾಕಾ. ಏನು ಹೇಳುವುದು? ಪೋರ್ಟಲ್ ಕಟ್ಟುವವರು ತಮ್ಮ ಟೇಬಲ್ಲಿನಲ್ಲಿ, ತಮ್ಮ ನೆಟ್ಟಿನಲ್ಲಿ, ತಮ್ಮದೇ ಚುರುಕು ಬೆರಳಿನಲ್ಲಿ ತಪಾಸಣೆ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮ ವೃತ್ತಿಯವರಿಗೆ ನನ್ನದು ಒಂದೇ ಅರಿಕೆ. ಟೈಮೌಟಿನ ಖಾನೆಯಲ್ಲಿ ಯಾರೋ ಇಟ್ಟುಹೋದ ಅಂಕಿಯನ್ನು ಹಾಗೇ ಬಿಡಬೇಡಿ. ನಿಮ್ಮ ಅರ್ಜಿ ತುಂಬುವವರಲ್ಲಿ ಎಲ್ಲರಿಗಿಂತ ನಿಧಾನದವರು ಯಾರು ಅಂತ ಹುಡುಕಿ, ಸೇವಾ ಕೇಂದ್ರದಲ್ಲಿ ಅವರ ಪಕ್ಕ ಒಂದು ಮುಂಜಾನೆ ಕೂತು, ಗಡಿಯಾರ ನೋಡಿಕೊಂಡು, ಆಮೇಲೆ ಆ ಅಂಕಿ ಬರೆಯಿರಿ.

ಇನ್ನು ಓದುವ ನಿಮಗೆ ಹೇಳುವುದಾದರೆ, ಈ ಹರಟೆ ಮುಗಿದ ಮೇಲೆ ಫೋನಿನಲ್ಲಿ ವಾಟ್ಸಾಪ್ ತೆಗೆದು, ಮೇಲಿನ ಮೂರು ಚುಕ್ಕಿ ಒತ್ತಿ, ಲಿಂಕ್ಡ್ ಡಿವೈಸಸ್ ಅಂತ ಇರುವುದನ್ನು ನೋಡಿ. ಅಲ್ಲಿ ಯಾವುದಾದರೂ ಗುರುತಿಲ್ಲದ ಕಂಪ್ಯೂಟರ್ ಹೆಸರು ಕಂಡರೆ ಅದರ ಮೇಲೆ ಒತ್ತಿ ಲಾಗೌಟ್ ಮಾಡಿ. ನಿಮ್ಮ ಮನೆಗೆ ಬಳ್ಳೊಳ್ಳಿ ಎಷ್ಟು ಬೇಕು ಅಂತ ಝೆರಾಕ್ಸ್ ಅಂಗಡಿಯವರಿಗೆ ಯಾಕೆ ಗೊತ್ತಾಗಬೇಕು, ಅಲ್ಲೇನ್ರಿ?